ಸ್ಕೂಟರಿಗಿಲ್ಲದ ಮೋಡ

ಇಸ್ತ್ರಿಯಕ್ಕನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ನಿಂತೇ ಮಾಡುವ ಕೆಲಸ ಅವಳದು. ಅಂಥವಳಿಗೇ ಕಾಲು ನಿಲ್ಲದಿದ್ದರೆ ಹೇಗೆ? ಒಂದು ಅಂಗಿಯ ಕಾಲರ್ ಮುಗಿಸುವಷ್ಟರಲ್ಲಿ ಮೇಜು ಬಿಟ್ಟು ಗೇಟಿನವರೆಗೆ ಹೋಗಿ ಬರುತ್ತಿದ್ದಳು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಗೋಡೆಗೆ ಅಂಟಿಸಿದ ಹಸಿರು ಬಣ್ಣದ ಪೋಸ್ಟರು ಒಂದೇ. ಬರುವ ಒಂದನೇ ತಾರೀಖಿನಿಂದ ಇದು ಹೊಗೆಯಿಲ್ಲದ ಬೀದಿ, ಇಲ್ಲಿ ಇದ್ದಿಲು, ಸೌದೆ, ಕಸ ಯಾವುದನ್ನೂ ಉರಿಸುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಅವಳು ಅದನ್ನು ಓದಿ ಮುಗಿಸಿ ಎಷ್ಟೋ ದಿನವಾಗಿತ್ತು. ಆದರೂ, ಅಕ್ಷರಗಳು ಮನಸ್ಸು ಬದಲಾಯಿಸಿರಬಹುದೇನೋ ಎಂಬಂತೆ ಹೋಗಿ ನೋಡಿ ಬರುತ್ತಿದ್ದಳು.

ಅವಳ ಮೇಜು ಇದ್ದದ್ದು ಆ ಬೀದಿಯ ದೊಡ್ಡ ಅಪಾರ್ಟ್‌ಮೆಂಟಿನ ಹೊರಮೆಟ್ಟಿಲ ಕೆಳಗೆ. ಕಟ್ಟಡ ಇನ್ನೂ ಏಳುತ್ತಿದ್ದ ಕಾಲದಲ್ಲಿ ಅವಳ ಅತ್ತೆ ಅಲ್ಲಿ ನಿಂತು ಇಂಜಿನಿಯರುಗಳ ಅಂಗಿ ತೀಡಿಕೊಡುತ್ತಿದ್ದಳು. ಕಟ್ಟಡ ಎದ್ದಿತು, ಮೆಟ್ಟಿಲು ಬಂತು, ಅತ್ತೆ ಕದಲಲಿಲ್ಲ. "ನಾನೇನು ಮೆಟ್ಟಿಲ ಕೆಳಗೆ ಹೋಗಿ ನಿಂತವಳಲ್ಲ, ಮೆಟ್ಟಿಲೇ ನನ್ನ ತಲೆ ಮೇಲೆ ಬಂದು ನಿಂತ್ಕೊಂಡಿದ್ದು" ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಸೊಸೆ ಬಂದ ಮೇಲೆ ಮೇಜು ಸೊಸೆಯದಾಯಿತು, ಇದ್ದಿಲಿನ ಇಸ್ತ್ರಿಪೆಟ್ಟಿಗೆಯೂ ಸೊಸೆಯದಾಯಿತು. ಅತ್ತೆಗೆ ಉಳಿದದ್ದು ಕೆಮ್ಮು.

ಹೊಗೆ ಕೆಟ್ಟದ್ದು ಎಂದು ಇಸ್ತ್ರಿಯಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ತಗಡಿನ ಡಬ್ಬಿಯಲ್ಲಿ ಇದ್ದಿಲು ಹೊತ್ತಿಸಿ ಗಾಳಿ ಬೀಸುವಾಗ ಕಣ್ಣೂ ಮೂಗೂ ಒಟ್ಟಿಗೆ ಸುರಿಯುತ್ತಿದ್ದವು. ಮಗಳು ಹೊಟ್ಟೆಯಲ್ಲಿದ್ದಾಗಲೂ ಅದೇ ಹೊಗೆ. ಹುಟ್ಟಿದ ಮೇಲೆ ಮೇಜಿನ ಕೆಳಗೆ, ಬಟ್ಟೆಯ ಗಂಟಿನ ಮೇಲೆ ಮಲಗಿ ನಿದ್ದೆ ಮಾಡಿದಾಗಲೂ ಅದೇ ಹೊಗೆ. ಈಗ ಮಗಳು ಶಾಲೆಗೆ ಹೋಗುತ್ತಾಳೆ, ಸ್ವಲ್ಪ ಓಡಿದರೆ ಎದೆ ಹಿಡಿದುಕೊಂಡು ಕೂರುತ್ತಾಳೆ. ಪೋಸ್ಟರು ಅಂಟಿಸಲು ಬಂದವರು, ಈ ಹೊಗೆಯಿಂದ ಮೇಲಿನ ಮನೆಗಳವರಿಗೆ ತುಂಬ ತೊಂದರೆಯಾಗುತ್ತಿದೆ ಎಂದು ವಿವರಿಸಿದಾಗ ಅತ್ತೆ ಪೂರ್ತಿ ಕೇಳಿಸಿಕೊಂಡಿದ್ದಳು.

"ಹೌದಪ್ಪ, ಪಾಪ. ಆದರೆ ಮೇಲಕ್ಕೆ ಹೋಗೋ ಮುಂಚೆ ಅದು ನಮ್ಮ ಎದೆ ಒಳಗೆ ಒಂದು ಸುತ್ತು ಹಾಕ್ಕೊಂಡೇ ಹೋಗ್ತಿತ್ತು."

ಹೀಗಾಗಿ ಇದ್ದಿಲು ಹೋಗುವುದಕ್ಕೆ ಇಸ್ತ್ರಿಯಕ್ಕನ ತಕರಾರು ಇರಲಿಲ್ಲ. ಹೋಗಲಿ, ಪೀಡೆ ತೊಲಗಲಿ. ಆದರೆ ಅದರ ಹಿಂದೆಯೇ ತನ್ನ ಮೇಜೂ ಹೋಗಿಬಿಟ್ಟರೆ? ಅದೊಂದು ಯೋಚನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅವಳನ್ನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. ಮನೆಮನೆಯಿಂದ ಬಟ್ಟೆ ಒಯ್ದು ತಂದುಕೊಡುವ ಲಾಂಡ್ರಿಯ ಬಿಳಿ ವ್ಯಾನು ಆಗಲೇ ಬೀದಿಯಲ್ಲಿ ಸುತ್ತುತ್ತಿತ್ತು. ಅದೂ ಬ್ಯಾಟರಿ ವ್ಯಾನು. ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುವುದು, ಸದ್ದಿಲ್ಲದೆ ಹೋಗುವುದು. ಅವಳ ಗಂಡ ಸೈಕಲ್ಲಿನಲ್ಲಿ ಬಟ್ಟೆ ತಂದು, ತೀಡಿದ್ದನ್ನು ಮುಟ್ಟಿಸಿ ಬರುವವನು. ವ್ಯಾನಿನವರಿಗೆ ಆಳು ಬೇಕಂತೆ, ಸೇರಿಕೊಳ್ಳಲೇ ಎಂದು ಕೇಳಿದ್ದ. ನೀನು ಸೇರಿಕೊಂಡರೆ ನಾನೇನು ಮಾಡಲಿ ಎಂದು ಇವಳು ಕೇಳಿದ್ದಕ್ಕೆ, ಬಗ್ಗಿ ಸೈಕಲ್ಲಿನ ಚೈನು ನೋಡತೊಡಗಿದ್ದ.

ಅಷ್ಟರಲ್ಲಿ ಅಪಾರ್ಟ್‌ಮೆಂಟಿನವರು ಒಂದು ಒಳ್ಳೆಯ ಕೆಲಸ ಮಾಡಿದರು. ಚಾವಣಿಯ ಮೇಲೆ ಸೋಲಾರ್ ಪ್ಯಾನಲ್ ಹಾಕಿಸಿದ ಹುಮ್ಮಸ್ಸಿನಲ್ಲಿ, ನಿವಾಸಿಗಳ ಸಂಘದ ಸೆಕ್ರೆಟರಿ ಎಲ್ಲರನ್ನೂ ಕೆಳಗೆ ಕರೆಸಿ, ಇಸ್ತ್ರಿಯಕ್ಕನ ಕೈಗೆ ಹೊಸ ಕರೆಂಟಿನ ಇಸ್ತ್ರಿಪೆಟ್ಟಿಗೆ ಕೊಟ್ಟರು. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ಅವಳು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು, ಫೋಟೋದವನು ನಗಿ ಅಂದಾಗ ನಿಜವಾಗಿಯೇ ನಕ್ಕಳು. ಎಷ್ಟು ಹಗುರ! ಹಳೆಯದನ್ನು ಎತ್ತಿ ಎತ್ತಿ ಅವಳ ಬಲಭುಜ ಎಡಭುಜಕ್ಕಿಂತ ತುಸು ಇಳಿದುಹೋಗಿತ್ತು. ಬಟ್ಟೆಗೆ ತಕ್ಕ ಹಾಗೆ ಬಿಸಿ ಹೆಚ್ಚುಕಮ್ಮಿ ಮಾಡುವ ಗುಂಡಿಯೊಂದು ಹೊಸದರ ಹಿಡಿಯ ಕೆಳಗಿತ್ತು. ನಿನಗೆ ತಲೆನೋವೇ ಬೇಡ ಎಂದು ಸೆಕ್ರೆಟರಿ ತಾವೇ ಅದನ್ನು ಕೊನೆಯವರೆಗೂ ತಿರುಗಿಸಿ, ಇನ್ನು ಇದನ್ನು ಮುಟ್ಟಲೇಬೇಡ ಎಂದರು.

ಜನ ಚದುರಿದ ಮೇಲೆ ಅವಳು ವೈರಿನ ತುದಿ ಹಿಡಿದುಕೊಂಡು ಮೆಟ್ಟಿಲ ಕೆಳಗೆ ಸುತ್ತ ನೋಡಿದಳು. ಎರಡು ಕಡೆ ಬೋಳು ಗೋಡೆ, ಇನ್ನೊಂದು ಕಡೆ ಬೀದಿ.

"ಏನು ತಾಯಿ ಹುಡುಕ್ತಿದೀಯ?" ಎಂದ ಗೇಟಿನ ವಾಚ್‌ಮನ್.

"ಇದರ ಬಾಯಿಗೆ ಊಟ, ಅಣ್ಣ."

ಊಟವೇನೋ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇತ್ತು. ಗೇಟಿನ ಒಳಗೆ ಬ್ಯಾಟರಿ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ತಲೆಯ ಮೇಲೂ ಗೋಡೆಯಲ್ಲಿ ಒಂದೊಂದು ಪ್ಲಗ್ ಪಾಯಿಂಟ್. ಹಾಲು ಕುಡಿಯುತ್ತಿರುವ ಕರುಗಳ ಹಾಗೆ ಅವು ವೈರು ಕಚ್ಚಿಕೊಂಡು ನಿಂತಿರುವುದನ್ನು ನೋಡಿ ಅವಳು ಸೆಕ್ರೆಟರಿಯ ಹತ್ತಿರ ಹೋಗಿ ತನಗೂ ಒಂದು ಪಾಯಿಂಟ್ ಕೇಳಿದಳು. ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎದುರು ಮಾತಾದರೂ ಆಡಬಹುದಿತ್ತು. ಅವರು ಕುರ್ಚಿ ಕೊಟ್ಟು ಕೂರಿಸಿ ತಿಳಿಹೇಳಿದರು: ಚಾವಣಿಯ ಕರೆಂಟು ಮನೆಗಳಿಗೆ, ಲಿಫ್ಟಿಗೆ, ನೀರಿನ ಪಂಪಿಗೆ, ಇಲ್ಲಿಯವರ ವಾಹನಕ್ಕೆ. ವ್ಯಾಪಾರಕ್ಕೆ ಕೊಡುವಂತಿಲ್ಲ. ಇವತ್ತು ನಿನಗೆ ಕೊಟ್ಟರೆ ನಾಳೆ ಟೀ ಅಂಗಡಿಯವನು ಬರುತ್ತಾನೆ, ನಾಡಿದ್ದು ಚಪ್ಪಲಿ ಹೊಲಿಯುವವನು. ನೀನು ನಿನ್ನದೇ ಮೀಟರ್ ಹಾಕಿಸಿಕೋ, ಯಾರ ಹಂಗೂ ಇರುವುದಿಲ್ಲ.

ಸರಿ ಎಂದು ಕರೆಂಟಿನ ಆಫೀಸಿಗೆ ಹೋದಳು. ಕಿಟಕಿಯ ಹಿಂದಿನವನು ಮೊದಲು ಕೇಳಿದ್ದೇ ಬಾಗಿಲ ನಂಬರು. ತನ್ನದು ಮೇಜು, ಬಾಗಿಲಿಲ್ಲ ಎಂದಳು.

"ಬಾಗಿಲೇ ಇಲ್ಲ ಅಂದ್ಮೇಲೆ ಮೀಟರ್ ಎಲ್ಲಿ ತೂಗುಹಾಕಲಮ್ಮ?"

"ಮೆಟ್ಟಿಲಿದೆ ಸಾರ್."

"ಮೆಟ್ಟಿಲು ಅವರದು."

ಅಲ್ಲಿಂದ ಹೊರಬಿದ್ದವಳಿಗೆ ಇನ್ನೊಂದೇ ದಾರಿ ಉಳಿದಿತ್ತು: ಬಟ್ಟೆಯನ್ನೆಲ್ಲ ಮನೆಗೆ ಒಯ್ದು ತೀಡುವುದು.

ಮನೆ ಎಂದರೆ ಅಪಾರ್ಟ್‌ಮೆಂಟಿನ ಹಿಂದಿನ ಗಲ್ಲಿಯ ವಠಾರ. ತಗಡಿನ ಮಾಡಿನ ಒಂದು ಸಾಲು ಕೋಣೆಗಳು. ಅಷ್ಟಕ್ಕೂ ಸೇರಿ ಒಂದೇ ಮೀಟರು, ಒಂದೇ ಬಡಕಲು ವೈರು. ಸೋಲಾರಿನವರು ಒಮ್ಮೆ ಅಲ್ಲಿಗೂ ಬಂದಿದ್ದರು. ಮಾಡು ಯಾರದೋ ಅವರೇ ಅರ್ಜಿ ಹಾಕಬೇಕು ಎಂದರು. ಮಾಡಿನ ಯಜಮಾನ ಇರುವುದು ಬೇರೆ ಊರಿನಲ್ಲಿ. ತನ್ನ ತಗಡು ಅಷ್ಟು ಭಾರ ತಡೆಯದು ಎಂದು ಫೋನಿನಲ್ಲೇ ಹೇಳಿ ಮುಗಿಸಿದ. ಆ ತಗಡಿನ ಕೆಳಗೆ ಬೇಸಿಗೆಯಲ್ಲಿ ಕೂತವರಿಗೆ ಗೊತ್ತು, ಸೂರ್ಯ ಅಲ್ಲಿಗೂ ದಿನಾ ತಪ್ಪದೆ ಬರುತ್ತಾನೆ, ಏನೂ ಕೊಡದೆ ಹೋಗುತ್ತಾನೆ.

ಹೊಸ ಪೆಟ್ಟಿಗೆಯನ್ನು ಮೊದಲು ಕೈಗೆ ತೆಗೆದುಕೊಂಡದ್ದು ಅತ್ತೆ. ಇದ್ದಿಲಿನ ಪೆಟ್ಟಿಗೆಯಾದರೆ ಕೆಲಸ ಶುರುಮಾಡುವ ಮುಂಚೆ ಹಿಡಿ ಹಿಡಿದು ಉಯ್ಯಾಲೆಯಂತೆ ತೂಗಬೇಕು. ಬೂದಿ ಹಾರಿಹೋಗಿ ಕೆಂಡ ಕಣ್ಣು ಬಿಡುತ್ತದೆ. ಅತ್ತೆಯ ಕೈ ತನ್ನ ಪಾಡಿಗೆ ತಾನು ಅದನ್ನೇ ಮಾಡಿತು. ಪ್ಲಗ್ಗು ಗೋಡೆಯ ಗಾರೆಯ ಸಮೇತ ಕಿತ್ತು ಬಂತು.

"ಇದಕ್ಕೆ ಜೀವಾನೇ ಇಲ್ವಲ್ಲೇ" ಎಂದಳು ಅತ್ತೆ.

"ಈಗ ತಾನೇ ನೀವು ತೆಗೆದ್ರಿ, ಅತ್ತೆ."

ಗಂಡ ಪ್ಲಗ್ಗು ಸರಿಮಾಡಿಕೊಟ್ಟ. ಇಸ್ತ್ರಿಯಕ್ಕ ಸ್ವಿಚ್ಚು ಒತ್ತಿದಳು. ಆ ತುದಿಯ ಕೋಣೆಯ ಫ್ಯಾನಿನಿಂದ ಈ ತುದಿಯ ಕೋಣೆಯ ಟೀವಿಯವರೆಗೆ ಇಡೀ ವಠಾರ ಸ್ತಬ್ಧವಾಯಿತು. ಯಾರ ಮನೆಯಲ್ಲಪ್ಪ ರೈಲು ಓಡಿಸುತ್ತಿರುವುದು ಎಂದು ಯಾರೋ ಕೂಗಿದರು. ಫ್ಯೂಸು ಹಾಕಿದರು, ಮತ್ತೆ ಒತ್ತಿದಳು, ಮತ್ತೆ ಹೋಯಿತು. ಪಕ್ಕದ ಕೋಣೆಯ ಹೊಲಿಗೆಯವಳು ಬಾಗಿಲಿಗೆ ಬಂದು ನಿಂತಳು. ಅವಳ ಹೊಲಿಗೆ ಯಂತ್ರಕ್ಕೆ ಮೋಟಾರಿತ್ತು, ಅದೂ ಇದೇ ವೈರಿನ ಮೇಲೆ ಬದುಕಬೇಕು. ಇಬ್ಬರ ನಡುವೆ ನಾಲ್ಕು ಮಾತು ಬಂತು, ನಾಲ್ಕು ಮಾತು ಹೋಯಿತು. ಕೊನೆಗೆ ಒಪ್ಪಂದವಾಯಿತು: ಮಧ್ಯಾಹ್ನ ವಠಾರದವರೆಲ್ಲ ಕೆಲಸಕ್ಕೆ ಹೋಗಿರುವಾಗ ಹೊಲಿಗೆಯವಳು ಯಂತ್ರ ನಿಲ್ಲಿಸಿ ಕಾಜಾ ಹೊಲಿಯುವುದು, ಗುಂಡಿ ಹಾಕುವುದು ಮಾಡಬೇಕು, ಆಗ ಮಾತ್ರ ಇವಳು ತೀಡಬೇಕು.

ಮರುದಿನ ಹಾಗೆಯೇ ಮಾಡಿದಳು. ಇಲ್ಲೇ ಅವಳ ಕೈ ಅವಳಿಗೆ ಮೋಸ ಮಾಡಿದ್ದು. ಇದ್ದಿಲಿನ ಕೆಲಸಕ್ಕೆ ಒಂದು ಕ್ರಮವಿದೆ. ಕೆಂಡ ಉರಿಯುತ್ತಿರುವಾಗ ದಪ್ಪ ಬಟ್ಟೆ: ಪರದೆ, ಜೀನ್ಸು, ಹಾಸಿಗೆಯ ಹೊದಿಕೆ. ಆಮೇಲೆ ಯೂನಿಫಾರಮ್ಮು, ಅಂಗಿ. ಕೆಂಡಕ್ಕೆ ಬೂದಿ ಮುಸುಕಿ, ಪೆಟ್ಟಿಗೆಯ ತಳ ಮಲಗೆದ್ದ ಮಗುವಿನ ಕೆನ್ನೆಯಷ್ಟು ಬೆಚ್ಚಗಾದಾಗ ಕೊನೆಯಲ್ಲಿ ತೆಳು ಬಟ್ಟೆ, ರೇಷ್ಮೆ. ಈ ಕ್ರಮ ಅತ್ತೆಯಿಂದ ಇವಳಿಗೆ ಬಂದದ್ದು, ಅತ್ತೆಗೆ ಇನ್ನಾರಿಂದಲೋ ಬಂದದ್ದು. ಕೊನೆಯ ಬಟ್ಟೆಯ ಹೊತ್ತಿಗೆ ಯಾರೂ ತಳ ಮುಟ್ಟಿ ನೋಡುವುದಿಲ್ಲ, ಆರಿರುತ್ತದೆ, ಅಷ್ಟೆ. ಆದರೆ ಕರೆಂಟಿಗೆ ಆರುವುದು ಗೊತ್ತಿರಲಿಲ್ಲ. ಮೊದಲ ಪರದೆಗೆ ಎಷ್ಟು ಉರಿಯುತ್ತಿತ್ತೋ ಕೊನೆಯ ಸ್ಕಾರ್ಫಿಗೂ ಅಷ್ಟೇ ಉರಿಯುತ್ತಿತ್ತು.

ಸೆಕ್ರೆಟರಿಯ ಹೆಂಡತಿಯ ರೇಷ್ಮೆ ಸ್ಕಾರ್ಫು ಅದು. ಒಂದನೇ ತಾರೀಖು, ಹೊಗೆಯಿಲ್ಲದ ಬೀದಿಯನ್ನು ಉದ್ಘಾಟಿಸಲು ದೊಡ್ಡ ಅಧಿಕಾರಿ ಬರುವ ದಿನ ಹಾಕಿಕೊಳ್ಳಲು ಕೊಟ್ಟಿದ್ದರು. ಪೆಟ್ಟಿಗೆ ಇಟ್ಟಳು; ಕೈ ಮುಂದಕ್ಕೆ ಹೋಗಲಿಲ್ಲ, ಅಂಟಿಕೊಂಡಿತು. ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು.

ಗೋಡೆಯ ಆಚೆಯಿಂದ ಹೊಲಿಗೆಯವಳು ಕೇಳಿದಳು: "ಅಕ್ಕ, ಇದು ಹೊಗೆ ಇಲ್ಲದ ಪೆಟ್ಟಿಗೆ ಅಂದಿದ್ದೆ ಅಲ್ವಾ?"

ಕೇಳುತ್ತಲೇ ಎದ್ದು ಬಂದಳು. ಸ್ಕಾರ್ಫಿನ ಮೂಲೆಯಲ್ಲಿ ಕಂದು ಬಣ್ಣದ ದೋಣಿಯಾಕಾರ ನೋಡಿದ ಮೇಲೆ ಅವಳ ಗೇಲಿ ನಿಂತಿತು. ಸ್ಕಾರ್ಫನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಸುಟ್ಟ ಅಂಚನ್ನು ಉದ್ದಕ್ಕೂ ನೇರವಾಗಿ ಕತ್ತರಿಸಿ, ಕೂದಲೆಳೆಯಂಥ ದಾರದಿಂದ ಮಡಿಸಿ ಹೊಲಿದಳು. ನಿನ್ನೆ ಜಗಳವಾಡಿದವಳು ಇವಳೇನಾ ಅನ್ನಿಸುವ ಹಾಗಿತ್ತು.

"ಗೊತ್ತೇ ಆಗಲ್ಲ. ಒಂದು ಗೇಣು ಕಮ್ಮಿ, ಅಷ್ಟೆ. ಮಡಚಿ ಕೊಟ್ಬಿಡು, ಬಾಯಿ ಬಿಡಬೇಡ."

ಬಾಯಿ ಬಿಡಬಾರದು ಎಂದುಕೊಂಡೇ ಇಸ್ತ್ರಿಯಕ್ಕ ಹೊರಟಳು. ಮೆಟ್ಟಿಲು ಹತ್ತಿದಳು, ಸೆಕ್ರೆಟರಿಯ ಮನೆಯ ಬಾಗಿಲ ಮುಂದೆ ನಿಂತಳು, ಇಳಿದು ಬಂದಳು. ಮತ್ತೆ ಹತ್ತಿದಳು. ಅತ್ತೆ ಆ ಮೆಟ್ಟಿಲ ಕೆಳಗೆ ಸಂಪಾದಿಸಿದ್ದರಲ್ಲಿ ದೊಡ್ಡದು ಎಂದರೆ, ಜನ ತಮ್ಮ ಒಳ್ಳೆಯ ಬಟ್ಟೆಯನ್ನು ಎಣಿಸದೆ ಕೊಟ್ಟುಹೋಗುತ್ತಿದ್ದದ್ದು. ವ್ಯಾನಿನವನಿಗೆ ಅದು ಇನ್ನೂ ಸಿಕ್ಕಿರಲಿಲ್ಲ. ಬಾಗಿಲು ತೆರೆದ ಕೂಡಲೇ ಎಲ್ಲ ಹೇಳಿಬಿಟ್ಟಳು, ಸುಟ್ಟದ್ದು, ಕತ್ತರಿಸಿದ್ದು, ಹೊಲಿದದ್ದು.

ಮೇಡಂ ಸ್ಕಾರ್ಫನ್ನು ಬಿಚ್ಚಿ ನೋಡಿದರು. ಮುಖ ಸಣ್ಣದಾಯಿತು. ಅದು ಅವರ ಅಕ್ಕ ಕೊಟ್ಟದ್ದಂತೆ. ಪೆಟ್ಟಿಗೆಯ ಗುಂಡಿ ಎಷ್ಟಕ್ಕೆ ಇಟ್ಟಿದ್ದೆ ಎಂದು ಕೇಳಿದರು. ಸಾರ್ ಕೊನೆಗೆ ತಿರುಗಿಸಿ, ಮುಟ್ಟಬೇಡ ಅಂದಿದ್ದರು ಎಂದಳು. ಮೇಡಂ ತಿರುಗಿ ಒಳಗೆ ಪೇಪರು ಓದುತ್ತಿದ್ದ ಗಂಡನನ್ನು ನೋಡಿದರು. ಪೇಪರು ಇನ್ನಷ್ಟು ಮೇಲಕ್ಕೆ ಹೋಯಿತು.

"ಮನೇಲಿ ಯಾಕೆ ತೀಡೋಕೆ ಹೋದೆ? ಕೆಳಗೇ ಮಾಡಬಹುದಿತ್ತಲ್ಲ."

"ಕೆಳಗೆ ಪ್ಲಗ್ ಇಲ್ಲ ಮೇಡಂ."

ಮೇಡಂ ಪೇಪರಿನ ಕಡೆಗೇ ಹೇಳಿದರು: "ಪ್ಲಗ್ ಇಲ್ಲದ ಕಡೆ ಇಸ್ತ್ರಿಪೆಟ್ಟಿಗೆ ಕೊಟ್ಟು ಫೋಟೋ ತೆಗೆಸಿಕೊಂಡ್ರಾ?"

ಒಳಗೆ ಆಮೇಲೆ ಏನು ಮಾತಾಯಿತೋ. ಆ ವಾರದಲ್ಲೇ ಎಲೆಕ್ಟ್ರಿಷಿಯನ್ ಬಂದು ಮೆಟ್ಟಿಲ ಕೆಳಗಿನ ಗೋಡೆಗೆ ಒಂದು ಬೋರ್ಡು ಬಡಿದ. ಅವನ ಚೀಲದಲ್ಲಿ ಇದ್ದದ್ದು ಎರಡು ಪಾಯಿಂಟಿನ ಬೋರ್ಡು, ಅದನ್ನೇ ಹಾಕಿ ಹೋದ. ಮೇಡಂ ತಾವೇ ಇಳಿದು ಬಂದು ಗುಂಡಿಯ ಲೆಕ್ಕ ಹೇಳಿಕೊಟ್ಟರು. ಇಸ್ತ್ರಿಯಕ್ಕನಿಗೆ ಕಣ್ಣು ತುಂಬಿತು. ಆದರೆ ಹಿಂದೆಯೇ ಸೆಕ್ರೆಟರಿ ಬಂದು ಒಂದು ಷರತ್ತು ಹೇಳಿದರು. ಬಿಸಿಲು ಚೆನ್ನಾಗಿರುವಾಗ ಚಾವಣಿಯ ಕರೆಂಟು ಮಿಗುತ್ತದೆ, ಮಿಕ್ಕಿದ್ದರಲ್ಲಿ ನಿನಗೆ ಕೊಡಲು ಯಾರ ಅಡ್ಡಿಯೂ ಇಲ್ಲ. ಮೋಡ ಬಂದರೆ ಹೊರಗಿನ ಕರೆಂಟಿಗೆ ದುಡ್ಡು ಕಟ್ಟಬೇಕು, ಆಗ ಇಲ್ಲ. ಅದಕ್ಕೆಂದೇ ಅವಳ ಲೈನಿನ ಸ್ವಿಚ್ಚನ್ನು ಗೇಟಿನ ಹತ್ತಿರ, ವಾಚ್‌ಮನ್ನನ ಸ್ಟೂಲಿನ ತಲೆಯ ಮೇಲೆ ಇಡಿಸಿದ್ದರು. ಬಿಸಿಲು ಬಂದರೆ ಹಾಕು, ಮೋಡ ಬಂದರೆ ತೆಗೆ ಎಂದು ಅವನಿಗೆ ಅಪ್ಪಣೆಯಾಗಿತ್ತು.

ಅಂದಿನಿಂದ ಅವಳ ಕಾಲಿನ ಜೊತೆಗೆ ಕತ್ತೂ ನಿಲ್ಲದಾಯಿತು. ಇಷ್ಟು ವರ್ಷ ಮೇಜನ್ನು ನೋಡಿ ಬದುಕಿದವಳು ಈಗ ಗಳಿಗೆಗೊಮ್ಮೆ ಮೆಟ್ಟಿಲ ಕೆಳಗಿನಿಂದ ತಲೆ ಹೊರಗೆ ಹಾಕಿ ಆಕಾಶ ನೋಡಬೇಕು. ಮೋಡಗಳೂ ಆ ತಿಂಗಳಿನಲ್ಲೇ ಮನಸ್ಸು ಮಾಡಿದ್ದವು. ಬೆಳಿಗ್ಗೆ ಬಿಸಿಲು ಬಂತೆಂದು ಪರದೆ ಹರವಿದರೆ ಅರ್ಧಕ್ಕೇ ಪೆಟ್ಟಿಗೆಯ ಕೆಂಪು ದೀಪ ಆರುತ್ತಿತ್ತು. "ಬಂತು ತಾಯಿ, ಆನೆಯಂಥದು" ಎಂದು ವಾಚ್‌ಮನ್ ಗೇಟಿನಿಂದ ಕೂಗುತ್ತಿದ್ದ. ಅವನ ದನಿಯಲ್ಲಿ ತಪ್ಪು ಮಾಡಿದವನ ಸಂಕೋಚವಿರುತ್ತಿತ್ತು. ಅವಳು ತಡಮಾಡದೆ ಪರದೆ ಸರಿಸಿ ತೆಳು ಬಟ್ಟೆ ಎಳೆದುಕೊಳ್ಳುತ್ತಿದ್ದಳು, ಆರುತ್ತಿರುವ ಬಿಸಿ ವ್ಯರ್ಥವಾಗಬಾರದಲ್ಲ. ಹಳೆಯ ಕ್ರಮವೇ ಮರಳಿ ಬಂದಿತ್ತು: ಉರಿಯುವಾಗ ದಪ್ಪದ್ದು, ಆರುವಾಗ ತೆಳುವಾದದ್ದು. ಅತ್ತೆಗೆ ಹೇಳಿದಾಗ ಅವಳು ನಗಲಿಲ್ಲ. ಇದ್ದಿಲು ಆರಿದರೆ ಇನ್ನೊಂದು ಹಿಡಿ ಇದ್ದಿಲು ಹಾಕಬಹುದಿತ್ತು, ಸೂರ್ಯನಿಗೆ ಏನು ಹಾಕುತ್ತೀಯ ಎಂದು ಕೇಳಿದಳು.

ಸದ್ಯಕ್ಕೆ ಇದ್ದಿಲನ್ನೇ ಹಾಕುತ್ತಿದ್ದಳು. ಮೋಡ ಬಂದಾಗ ಹಳೆಯ ಪೆಟ್ಟಿಗೆ ತೆಗೆದು ಕೆಲಸ ಮುಗಿಸಿಕೊಳ್ಳುತ್ತಿದ್ದಳು. ಆದರೆ ಒಂದನೇ ತಾರೀಖಿನ ಮೇಲೆ? ಇದ್ದಿಲು ಹೊತ್ತಿಸಿಕೊಳ್ಳುವಷ್ಟರಲ್ಲಿ ಹೊತ್ತು ಹೋಗಿ, ಆಗಲೇ ಬಟ್ಟೆಯ ಗಂಟುಗಳು ಹೊತ್ತಿಗೆ ಸರಿಯಾಗಿ ಮುಗಿಯದೆ ಉಳಿಯುತ್ತಿದ್ದವು. ಗಂಡ ಮನೆಮನೆಯ ಬಾಗಿಲಲ್ಲಿ ಮೋಡದ ಕತೆ ಹೇಳಿ ಹೇಳಿ ಸೋತಿದ್ದ. ಎರಡನೇ ಮಹಡಿಯವರು ಒಂದು ಸಲ ವ್ಯಾನಿಗೆ ಕೊಟ್ಟು ನೋಡುತ್ತೇವೆ ಎಂದಿದ್ದರು. ಬಟ್ಟೆ ತೀಡುತ್ತ ತೀಡುತ್ತ ಅವಳ ಕಣ್ಣು ಗೇಟಿನ ಒಳಗೆ ಹೋಗುತ್ತಿತ್ತು. ಎಂಥ ಮೋಡವಿದ್ದರೂ ಅಲ್ಲಿ ಸ್ಕೂಟರುಗಳ ಹಸಿರು ದೀಪ ಮಿನುಗುತ್ತಲೇ ಇರುತ್ತಿತ್ತು. ಒಂದು ಪ್ರಶ್ನೆ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಕೊಟ್ಟಿದ್ದೇ ಹೆಚ್ಚು, ಇನ್ನು ಕೇಳಿದರೆ ಅದನ್ನೂ ಕಿತ್ತುಕೊಂಡಾರು ಎಂದು ನುಂಗಿಕೊಳ್ಳುತ್ತಿದ್ದಳು.

ಒಂದನೇ ತಾರೀಖು ಬಂತು. ಹಳೆಯ ಪೆಟ್ಟಿಗೆಯನ್ನು ಅತ್ತೆ ತನ್ನ ಮಂಚದ ಕೆಳಗೆ ಇಟ್ಟುಕೊಂಡಳು. ಇನ್ನು ಅದು ವಠಾರದಿಂದ ಹೊರಗೆ ಬರುವಂತಿಲ್ಲ. ಬೀದಿಗೆ ನೀರು ಚಿಮುಕಿಸಿದ್ದರು. ಬೀದಿಯ ಈ ಕಡೆಯಿಂದ ಆ ಕಡೆಗೆ ಬಟ್ಟೆಯ ಬ್ಯಾನರು ಕಟ್ಟಿದ್ದರು. ಸ್ಕಾರ್ಫು ಹಾಕಿಕೊಂಡ ಮೇಡಂ ಕುರ್ಚಿಗಳನ್ನು ಸಾಲು ಮಾಡಿಸುತ್ತಿದ್ದರು. ಸ್ಕಾರ್ಫು ಗಿಡ್ಡವಾದದ್ದೇ ಅವರಿಗೆ ಒಪ್ಪುತ್ತಿತ್ತು ಎಂದು ಇಸ್ತ್ರಿಯಕ್ಕನಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಬಿಸಿಲು ಚೆನ್ನಾಗಿತ್ತು. ಅವಳು ಪರದೆಗಳನ್ನು ಮುಗಿಸಿ, ಜೀನ್ಸಿಗೆ ಕೈ ಹಾಕಿದ್ದಳು.

ಆಗ ಸೆಕ್ರೆಟರಿ ಮೆಟ್ಟಿಲ ಮೇಲಿನಿಂದ ಎರಡೆರಡೇ ಹಾರಿಕೊಂಡು ಇಳಿದುಬಂದರು. ಮೈಮೇಲೆ ಬರೀ ಬನಿಯನ್. ಅಧಿಕಾರಿಯನ್ನು ಚಾವಣಿಗೆ ಕರೆದೊಯ್ಯಬೇಕಲ್ಲ ಎಂದು ಕೊನೆ ಗಳಿಗೆಯಲ್ಲಿ ಪ್ಯಾನಲ್ ಒರೆಸಲು ಹತ್ತಿದ್ದರಂತೆ. ಪ್ಯಾನಲ್ಲಿನ ಮೇಲೆ ಪಾರಿವಾಳಗಳು ಏನೇನು ಬಿಟ್ಟುಹೋಗಿದ್ದವೋ ಅದೆಲ್ಲ ಹಾಕಿಕೊಂಡಿದ್ದ ಅಂಗಿಗೆ ಬಂದಿತ್ತು. ಕೈಯಲ್ಲಿ ಇನ್ನೊಂದು ಬಿಳಿ ಅಂಗಿ, ಹಿಂಡಿದ ಬಟ್ಟೆಯ ಹಾಗೆ ಸುಕ್ಕು. ಅಧಿಕಾರಿಯ ಕಾರು ದೊಡ್ಡ ರಸ್ತೆಗೆ ಬಂದಾಯಿತು, ಬೇಗ ಬೇಗ ಎಂದರು.

ಅವಳು ನೀರು ಚಿಮುಕಿಸಿ ಅಂಗಿ ಹರವಿದಳು. ಕಾಲರ್ ಆಯಿತು. ಹೆಗಲಾಯಿತು. ಒಂದು ತೋಳಾಯಿತು. ಮೇಜಿನ ಮೇಲೆ ಬಿದ್ದಿದ್ದ ಬಿಸಿಲಿನ ತುಂಡು ಮಸುಕಾಯಿತು. ಅವಳು ತಲೆ ಎತ್ತುವ ಮುಂಚೆಯೇ ಪೆಟ್ಟಿಗೆಯ ಕೆಂಪು ದೀಪ ಆರಿತು. ವ್ಯಾನಿನಷ್ಟೇ ಸದ್ದಿಲ್ಲದೆ ಮೋಡ ಬಂದಿತ್ತು, ವಾಚ್‌ಮನ್ ತನ್ನ ಕೆಲಸ ತಪ್ಪದೆ ಮಾಡಿದ್ದ.

"ಯಾಕೆ ನಿಲ್ಲಿಸಿದೆ?" ಎಂದರು ಸೆಕ್ರೆಟರಿ.

"ಮೋಡ, ಸಾರ್."

ಅವರು ಆಕಾಶ ನೋಡಿದರು, ಅಂಗಿ ನೋಡಿದರು. ಅರ್ಧ ಅಂಗಿ ಹೊಸ ಹಾಳೆಯ ಹಾಗೆ, ಇನ್ನರ್ಧ ಹಿಂಡಿದ ಹಾಗೆಯೇ. ತೆಳು ಬಟ್ಟೆಯಾಗಿದ್ದರೆ ಉಳಿದ ಬಿಸಿಯಲ್ಲೇ ಮುಗಿಯುತ್ತಿತ್ತು, ಇದು ದಪ್ಪ ಹತ್ತಿ. ಅವರು ಕತ್ತು ಚಾಚಿ, ಸ್ವಿಚ್ ಹಾಕು ಎಂದು ವಾಚ್‌ಮನ್ನನನ್ನು ಕೂಗಿದರು. ಅವನು ಎದ್ದು ನಿಂತು, ಮೇಲೆ ತೋರಿಸಿ, ಮೋಡ ಇನ್ನೂ ಹೋಗಿಲ್ಲ ಸಾರ್, ನೀವೇ ಹೇಳಿದ್ದಿರಲ್ಲ ಎಂದ. ಪಾಪ, ಅವನು ತಮಾಷೆ ಮಾಡುತ್ತಿರಲಿಲ್ಲ.

ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಇಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆ ಈ ಸಲ ಇಳಿಯಲಿಲ್ಲ.

"ಸಾರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಸ್ಕೂಟರ್‌ಗಳಿಗೆ ಮೋಡ ಬರಲ್ವಾ?"

ಸೆಕ್ರೆಟರಿ ಗೇಟಿನ ಒಳಗೆ ನೋಡಿದರು. ಸಾಲಾಗಿ ಹಸಿರು ದೀಪಗಳು. ಅದರಲ್ಲಿ ಮೊದಲನೆಯದು ಅವರದೇ.

"ಸ್ಕೂಟರಿನವರು ಕರೆಂಟಿಗೆ ಎಷ್ಟು ಕೊಡ್ತಾರೋ ನಾನೂ ಅಷ್ಟು ಕೊಡ್ತೀನಿ ಸಾರ್. ಪುಕ್ಕಟೆ ಬೇಡ. ಇದ್ದಿಲಿಗೂ ಕೊಡ್ತಾನೇ ಇದ್ದೆ. ಮಿಕ್ಕಿದ್ದನ್ನ ಕೊಡಬೇಡಿ, ಎಲ್ಲರಿಗೂ ಕೊಡೋ ಹಾಗೆ ಕೊಡಿ. ಇವತ್ತಿಂದ ನನ್ನ ಹತ್ರ ಇದ್ದಿಲೂ ಇಲ್ಲ."

ಬೀದಿಯ ತುದಿಯಲ್ಲಿ ಕಾರಿನ ಹಾರ್ನ್ ಕೇಳಿಸಿತು. ಕುರ್ಚಿಗಳ ಹತ್ತಿರದಿಂದ ಮೇಡಂ, ಎಲ್ಲಿ ಹೋದರಿವರು ಎಂದು ಹುಡುಕುತ್ತಿದ್ದರು. ಸೆಕ್ರೆಟರಿಗೆ ಬನಿಯನ್ನಿನಲ್ಲೇ ಮೆಟ್ಟಿಲ ಕೆಳಗಿನಿಂದ ಹೊರಗೆ ಬರಬೇಕಾಯಿತು. ಬಂದರು. ಎದೆಯ ಮೇಲೆ ಎರಡೂ ಕೈ ಕಟ್ಟಿಕೊಂಡು, ನೆರೆದವರೆಲ್ಲ ನೋಡುತ್ತಿರುವ ಹಾಗೆಯೇ ಗೇಟಿನವರೆಗೆ ನಡೆದು, ಸ್ಟೂಲಿನ ಮೇಲಿನ ಸ್ವಿಚ್ಚನ್ನು ತಾವೇ ಒತ್ತಿ ಬಂದರು. ಕೆಂಪು ದೀಪ ಹತ್ತಿತು. ಅವಳು ಇನ್ನೊಂದು ತೋಳು, ಬೆನ್ನು, ಎದೆಯ ಪಟ್ಟಿ ಮುಗಿಸಿಕೊಟ್ಟಳು. ಅವಸರದಲ್ಲೂ ಗುಂಡಿಗಳ ಸುತ್ತ ಒಂದು ಸುಕ್ಕು ಬಿಡಲಿಲ್ಲ. ಅವಳ ಮುಖ ನೋಡದೆ ಅವರು ಬಿಸಿ ಅಂಗಿಯೊಳಗೆ ಕೈ ತೂರಿಸುತ್ತ ಹೊರಟರು.

ಅವರು ಗೇಟಿನ ಮುಂದೆ ಹಾದುಹೋಗುವಾಗ ವಾಚ್‌ಮನ್ ಹಿಂದಿನಿಂದ ಕೇಳಿದ, ನಾಳೆ ಮೋಡ ಬಂದರೆ ಏನು ಮಾಡಲಿ ಸಾರ್ ಎಂದು. ಸೆಕ್ರೆಟರಿ ಕೊನೆಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಕಾರು ಬಂದು ನಿಂತಿತ್ತು. ಅವರ ಸಿಟ್ಟು ಯಾರ ಮೇಲೆ ಎಂದು ಅವರಿಗೇ ತಿಳಿದಂತಿರಲಿಲ್ಲ.

"ಸ್ಕೂಟರಿಗೆ ಏನು ಮಾಡ್ತೀಯೋ ಅದೇ ಮಾಡು."

ಆ ದಿನ ಮೋಡ ಬಂದವು, ಹೋದವು, ಕೆಂಪು ದೀಪ ಆರಲಿಲ್ಲ. ಇಸ್ತ್ರಿಯಕ್ಕ ಆಕಾಶ ನೋಡುವುದನ್ನು ಬಿಡಬೇಕೆಂದುಕೊಂಡರೂ ಕತ್ತು ಕೇಳಲಿಲ್ಲ, ಸಂಜೆಯವರೆಗೂ ತಿರುಗುತ್ತಲೇ ಇತ್ತು. ಸಂಘದವರು ಮುಂದಿನ ಮೀಟಿಂಗಿನಲ್ಲಿ ಏನೆನ್ನುತ್ತಾರೋ, ಅವಳಿಗೆ ಗೊತ್ತಿರಲಿಲ್ಲ. ಉಳಿದಿದ್ದ ಗಂಟನ್ನೆಲ್ಲ ಮುಗಿಸಿ ಗಂಡನ ಸೈಕಲ್ಲಿಗೆ ಏರಿಸಿದಳು. ಅವನು ವ್ಯಾನಿನ ಮಾತು ಎತ್ತಲಿಲ್ಲ.

ವಠಾರಕ್ಕೆ ಬಂದಾಗ ಎಲ್ಲರ ಮನೆಯಲ್ಲೂ ದೀಪ ಹಾಕುವ ಹೊತ್ತು. ಹೊಲಿಗೆಯವಳ ಬಲ್ಬು ಕೆಂಪಗೆ, ಕಣ್ಣು ಬಾಡಿದಂತೆ ಉರಿಯುತ್ತಿತ್ತು. ಯಂತ್ರದ ಮೋಟಾರು ಎರಡು ಹೊಲಿಗೆ ಓಡುವುದು, ಮುಲುಗಿ ನಿಲ್ಲುವುದು. ಅವಳು ಗಾಲಿಯನ್ನು ಕೈಯಿಂದಲೇ ತಿರುಗಿಸುತ್ತ ಒಂದು ಯೂನಿಫಾರಮ್ಮಿನ ಅಂಚು ಮುಗಿಸುತ್ತಿದ್ದಳು. ಇಸ್ತ್ರಿಯಕ್ಕ ಬಾಗಿಲಲ್ಲಿ ನಿಂತು ಆದದ್ದನ್ನೆಲ್ಲ ಹೇಳಿದಳು. ಬನಿಯನ್ನಿನ ಭಾಗಕ್ಕೆ ಹೊಲಿಗೆಯವಳು ಗಾಲಿಯಿಂದ ಕೈ ತೆಗೆದು ನಕ್ಕಳು. ಆಮೇಲೆ ಮತ್ತೆ ಅದಕ್ಕೇ ಕೈ ಹಾಕಿದಳು.

"ನಿನಗೇನಕ್ಕ ಇನ್ನು. ನಿನ್ನ ಗೋಡೆಗೆ ಪ್ಲಗ್ ಬಂತು."

ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ಇಸ್ತ್ರಿಯಕ್ಕನಿಗೆ ಅಂದು ಸಲೀಸಾಗಿ ನಿದ್ದೆ ಬರುತ್ತಿತ್ತು.

ಒಳಗೆ ಬಂದು ಕೂತಳು, ಎದ್ದಳು. ಮಗಳ ತಲೆ ಬಾಚಲು ಶುರುಮಾಡಿ ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಹೋದಳು. ಕಣ್ಣ ಮುಂದೆ ಮೆಟ್ಟಿಲ ಕೆಳಗಿನ ಆ ಬೋರ್ಡು ಬಂದು ನಿಂತಿತ್ತು. ಎರಡು ಪಾಯಿಂಟು. ಒಂದಕ್ಕೆ ತನ್ನ ಪೆಟ್ಟಿಗೆ. ಇನ್ನೊಂದು ಹಾಗೇ ಖಾಲಿ, ಕಣ್ಣು ಬಿಟ್ಟುಕೊಂಡು. ಮೇಜನ್ನು ಗೋಡೆಗೆ ಒತ್ತರಿಸಿದರೆ ಬೀದಿಯ ಕಡೆ ಹೊಲಿಗೆಯವಳ ಯಂತ್ರದಷ್ಟು ಜಾಗ ಆಗುತ್ತದೋ ಇಲ್ಲವೋ. ಅವಳು ಅಂದಾಜಿಗೆ ಬಾಗಿಲ ಚೌಕಟ್ಟಿಗೆ ಗೇಣು ಹಾಕಿ ಅಳೆಯತೊಡಗಿದಳು.

ಮಂಚದ ಮೇಲಿನಿಂದ ಅತ್ತೆ ಕೆಮ್ಮು ಸುಧಾರಿಸಿಕೊಂಡು ಕೇಳಿದಳು: "ಮತ್ತೆ ಶುರುವಾಯ್ತೇನೇ ನಿನ್ನ ಕಾಲು?"